ಮಳೆ ಸುರಿದದ್ದು ಯಾವ ತಾರೀಕಿಗೆ? ಟೈಮ್ ಸೀರೀಸ್ ಡೇಟಾದಲ್ಲಿ ದಿನಾಂಕ ಮತ್ತು ಟೈಮ್ ಝೋನ್

ಜೂನ್ 14ರ ರಾತ್ರಿ ಹನ್ನೊಂದಕ್ಕೆ ಉಡುಪಿಯಲ್ಲಿ ಹಿಡಿದ ಮಳೆ ಮರುದಿನ ಬೆಳಿಗ್ಗೆ ಏಳಕ್ಕೆ ಬಿಟ್ಟಿತು ಅನ್ನಿ. ಅದನ್ನು ಯಾವ ತಾರೀಕಿಗೆ ಬರೆಯುವುದು? ಕ್ಯಾಲೆಂಡರಿನ ದಿನ ನಡುರಾತ್ರಿ ಬದಲಾಗುತ್ತದೆ, ಹಾಗಾಗಿ ಮಳೆ ಎರಡು ದಿನಕ್ಕೆ ಹಂಚಿಹೋಗುತ್ತದೆ. ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ, ಅಲ್ಲಿ ಅಷ್ಟೂ ಮಳೆ 15ನೇ ತಾರೀಕಿನ ಲೆಕ್ಕಕ್ಕೆ. ಡೇಟಾ ಯುಟಿಸಿಯಲ್ಲಿದ್ದು (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ), ಆ ತಾರೀಕನ್ನೇ ಹಿಡಿದು ಕೂಡಿಸಿದರೆ ದಿನ ಬದಲಾಗುವುದು ನಮ್ಮ ಬೆಳಗಿನ 5.30ಕ್ಕೆ. ಪಂಚಾಂಗ ನೋಡುವವರನ್ನು ಕೇಳಿದರೆ ಸೂರ್ಯೋದಯಕ್ಕೆ ಅಂತಾರೆ. ಯಾವುದೂ ತಪ್ಪಲ್ಲ. ನಿಮ್ಮ ಲೆಕ್ಕ ಯಾವುದರದ್ದು ಅಂತ ಪ್ರೋಗ್ರಾಂನಲ್ಲಿ ಬರೆದಿಡದೇ ಹೋದರೆ ಮಾತ್ರ ತಪ್ಪು.

15 ನಿಮಿಷಕ್ಕೊಮ್ಮೆ ಅಳತೆ ಬರೆಯುವ ಮಳೆಮಾಪಕದ ಸಿಎಸ್‌ವಿ ಫೈಲನ್ನು ಪೈಥಾನ್ ಭಾಷೆಯ ಡೇಟಾ ಲೈಬ್ರರಿ ಪಾಂಡಾಸ್‌ನಲ್ಲಿ ಓದುತ್ತಿದ್ದೀರಿ ಎಂದಿಟ್ಟುಕೊಳ್ಳೋಣ.

ಮೊದಲ ಗುಂಡಿ ತಾರೀಕಿನ ಬರವಣಿಗೆಯಲ್ಲೇ ಇದೆ. 03/06/2024 ನಮಗೆ ಜೂನ್ 3. ಪಾಂಡಾಸ್ ತನ್ನಷ್ಟಕ್ಕೆ ಓದಿದರೆ ಮಾರ್ಚ್ 6. 2.0ಕ್ಕಿಂತ ಹಿಂದಿನ ಆವೃತ್ತಿಗಳು ಇನ್ನೂ ಅಪಾಯದವು: 12ರವರೆಗಿನ ತಾರೀಕುಗಳನ್ನು ತಿರುಗಿಸಿ, 13ರಿಂದ ಮುಂದಿನವನ್ನು ಸರಿಯಾಗಿ ಓದುತ್ತಿದ್ದವು. ಜನವರಿಯಲ್ಲೂ ಮುಂಗಾರಿನಂಥ ಮಳೆ ಕಂಡರೆ ಇದನ್ನೇ ಶಂಕಿಸಿ. ಊಹೆಗೆ ಬಿಡದೆ ಫಾರ್ಮ್ಯಾಟ್ (ದಿನ, ತಿಂಗಳು, ಇಸವಿ ಯಾವ ಕ್ರಮದಲ್ಲಿವೆ ಎನ್ನುವುದು) ಕೊಡಿ. ಅದರಲ್ಲಿ ಸಣ್ಣ ಎಂ ಅಂದರೆ ತಿಂಗಳು, ದೊಡ್ಡ ಎಂ ಅಂದರೆ ನಿಮಿಷ; ನಾಲ್ಕಂಕಿಯ ಇಸವಿಗೆ ದೊಡ್ಡ ವೈ. ಸಮಯ ಬರೀ ಸಂಖ್ಯೆಯಾಗಿ (1970ರ ಆರಂಭದಿಂದ ಎಣಿಸಿದ್ದು) ಬಂದಿದ್ದರೆ ಅಂಕಿ ಎಣಿಸಿ: ಈಗಿನ ಕಾಲದ್ದಾದರೆ ಹತ್ತಂಕಿ ಸೆಕೆಂಡು, ಹದಿಮೂರಂಕಿ ಮಿಲಿಸೆಕೆಂಡು. ಯೂನಿಟ್ ಹೇಳದಿದ್ದರೆ ಪಾಂಡಾಸ್ ಅದನ್ನು ನ್ಯಾನೋಸೆಕೆಂಡು ಎಂದುಕೊಂಡು ಎಲ್ಲವನ್ನೂ 1970ಕ್ಕೆ ಒಯ್ಯುತ್ತದೆ.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಫೈಲಿನಲ್ಲಿ ಝೋನ್ ಇಲ್ಲದ 14:15 ಇದೆ. ಅದು ಯಾವ ಊರಿನ ಗಡಿಯಾರದ್ದು ಅಂತ ಚೀಟಿ ಅಂಟಿಸುವುದು ಪಾಂಡಾಸ್‌ನ ಟಿಝಡ್_ಲೋಕಲೈಸ್ ಫಂಕ್ಷನ್. ಅಂಕಿ ಬದಲಾಗುವುದಿಲ್ಲ, ಅರ್ಥ ಬರುತ್ತದೆ. ಚೀಟಿ ಇರುವ ಸಮಯವನ್ನು ಇನ್ನೊಂದು ಊರಿನ ಗಡಿಯಾರದಲ್ಲಿ ತೋರಿಸುವುದು ಟಿಝಡ್_ಕನ್ವರ್ಟ್. ಕ್ಷಣ ಅದೇ, ಅಂಕಿ ಬೇರೆ. ಲಾಗರ್ (ಅಳತೆಗಳನ್ನು ದಾಖಲಿಸುವ ಸಾಧನ) ಭಾರತದ ಸಮಯ ಬರೆಯುತ್ತಿದ್ದರೆ ಲೋಕಲೈಸ್‌ಗೆ ಏಷ್ಯಾ/ಕೋಲ್ಕತಾ ಕೊಟ್ಟು, ಆಮೇಲೆ ಯುಟಿಸಿಗೆ ಕನ್ವರ್ಟ್ ಮಾಡಿ ಉಳಿಸಿ. ನೇರ ಯುಟಿಸಿ ಚೀಟಿ ಅಂಟಿಸಿದರೆ ಎಲ್ಲವೂ ಐದೂವರೆ ಗಂಟೆ ಸರಿಯುತ್ತದೆ. ಎರರ್ ಒಂದೂ ಬರುವುದಿಲ್ಲ, ಅದೇ ತೊಂದರೆ.

ಲಾಗರ್ ಯಾವ ಸಮಯ ಬರೆಯುತ್ತಿದೆ ಅಂತ ಹೇಳುವವರೇ ಇಲ್ಲವೇ? ಸೂರ್ಯನನ್ನು ಕೇಳಿ. ಭಾರತದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಮಂಗಳೂರು ಸುಮಾರು 74.8ರಲ್ಲಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದೆ. ಆದ್ದರಿಂದ ನೆತ್ತಿಯ ಮೇಲೆ ಬರುವುದು, ವರ್ಷದ ಏರಿಳಿತ ಸೇರಿ, ಸುಮಾರು 12.15ರಿಂದ 12.45ರೊಳಗೆ. ಪಕ್ಕದಲ್ಲಿ ಸೋಲಾರ್ ಪ್ಯಾನೆಲ್ ಅಥವಾ ಬಿಸಿಲಿನ ಸೆನ್ಸರ್ ಇದ್ದರೆ ಜನವರಿಯ ಮೋಡವಿಲ್ಲದ ಒಂದು ದಿನವನ್ನು ಪ್ಲಾಟ್ ಮಾಡಿ. ತುದಿ ಏಳು ಗಂಟೆಗೆ ಕಂಡರೆ ಅದು ಯುಟಿಸಿ. ಸಂಜೆ ಆರಕ್ಕೆ ಕಂಡರೆ ಯಾರೋ ಐದೂವರೆ ಗಂಟೆಯನ್ನು ಎರಡು ಸಲ ಕೂಡಿಸಿದ್ದಾರೆ. ಜಡಿಮಳೆಯ ಆಟಿ ತಿಂಗಳಲ್ಲಿ ಈ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ.

ಝೋನ್‌ಗೆ ಐಎಸ್‌ಟಿ ಎಂದು ಬರೆಯಬೇಡಿ. ಇಸ್ರೇಲ್, ಐರ್ಲೆಂಡ್‌ಗಳೂ ಅದೇ ಮೂರಕ್ಷರ ಬಳಸುತ್ತವೆ. ಹಳೆಯ ಕೋಡಿನಲ್ಲಿ ಸಮಯಗಳೆಲ್ಲ 5.30ರ ಬದಲು 5.53ರ ವ್ಯತ್ಯಾಸ ತೋರಿಸುತ್ತಿದ್ದರೆ ಪೈಟಿಝಡ್ ಎಂಬ ಲೈಬ್ರರಿಯ ಝೋನನ್ನು ನೇರವಾಗಿ ಡೇಟ್‌ಟೈಮ್‌ನ ಟಿಝಡ್‌ಇನ್ಫೋಗೆ ಕೊಟ್ಟಿರುತ್ತಾರೆ. ಅದು ಕೋಲ್ಕತಾದ ಹಳೆಯ ಸ್ಥಳೀಯ ಸಮಯ. ಪೈಥಾನ್ 3.9ರಿಂದ ಬಂದ ಝೋನ್‌ಇನ್ಫೋ ಮಾಡ್ಯೂಲ್ ಬಳಸಿದರೆ ಈ ರಗಳೆ ಇಲ್ಲ. ವಿಂಡೋಸ್‌ನಲ್ಲಿ ಝೋನ್‌ಗಳ ಮಾಹಿತಿಯಿರುವ ಟಿಝಡ್‌ಡೇಟಾ ಪ್ಯಾಕೇಜನ್ನೂ ಹಾಕಿಕೊಳ್ಳಿ. ಈಗಿನ ಸಮಯಕ್ಕೆ ಯುಟಿಸಿನೌ ಫಂಕ್ಷನ್ ಬಿಡಿ: ಅದಕ್ಕೆ ಚೀಟಿಯೇ ಇಲ್ಲ, ಪೈಥಾನ್ 3.12ರಲ್ಲಿ ಅದನ್ನು ಕೈಬಿಡುವ ಎಚ್ಚರಿಕೆಯೂ ಬಂದಿದೆ. ನೌ ಫಂಕ್ಷನ್‌ಗೇ ಯುಟಿಸಿ ಝೋನ್ ಕೊಡಿ.

ಈಗ ಕೂಡಿಸುವ ಕೆಲಸ. ರೀಸ್ಯಾಂಪಲ್ (ಗಂಟೆ, ದಿನದಂಥ ಅವಧಿಗಳಾಗಿ ಕತ್ತರಿಸುವುದು) ಮಾಡುವ ಮೊದಲು ಮತ್ತೆ ಏಷ್ಯಾ/ಕೋಲ್ಕತಾಕ್ಕೆ ಕನ್ವರ್ಟ್ ಮಾಡಿ. ಯುಟಿಸಿಯಲ್ಲೇ ಗಂಟೆಗಂಟೆಗೆ ಕತ್ತರಿಸಿದರೆ ನಮ್ಮ ಗಡಿಯಾರದಲ್ಲಿ 5.30, 6.30 ಹೀಗೆ ಅರ್ಧಕ್ಕೆ ಕತ್ತರಿ ಬೀಳುತ್ತದೆ. ಮಳೆ ದಿನಕ್ಕೆ 24 ಗಂಟೆಯ ಅವಧಿ ಕೊಟ್ಟು ಆಫ್‌ಸೆಟ್ (ನಡುರಾತ್ರಿಯಿಂದ ಎಷ್ಟು ಸರಿಸಬೇಕು) 8 ಗಂಟೆ 30 ನಿಮಿಷ ಇಡಿ. ಗಂಟೆಗೆ ಸಣ್ಣ ಹೆಚ್ ಬರೆಯಿರಿ, ದೊಡ್ಡದನ್ನು ಕೈಬಿಡುವ ಎಚ್ಚರಿಕೆ ಪಾಂಡಾಸ್ 2.2ರಲ್ಲೇ ಬಂದಿದೆ. ಕ್ಲೋಸ್ಡ್ (ಅವಧಿಯ ಯಾವ ಅಂಚು ಅದರೊಳಗೆ ಸೇರಬೇಕು), ಲೇಬಲ್ (ಯಾವ ಅಂಚಿನ ತಾರೀಕು ಹೆಸರಾಗಬೇಕು) ಎರಡಕ್ಕೂ ರೈಟ್ ಕೊಡಿ. ಲಾಗರ್ 8:30 ಎಂದು ಬರೆದದ್ದು 8.15ರಿಂದ 8.30ರವರೆಗಿನ ಮಳೆಯಾದರೆ ಅದು ಮುಗಿಯುತ್ತಿರುವ ದಿನಕ್ಕೇ ಸೇರಬೇಕು. ನಿಮ್ಮ ಲಾಗರ್ ಅವಧಿಯ ಆರಂಭದ ಸಮಯ ಬರೆಯುತ್ತಿದ್ದರೆ ಕ್ಲೋಸ್ಡ್ ಮಾತ್ರ ಲೆಫ್ಟ್. ಇದು ಸಾಧನದ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ಓದಿ.

ಗಾಳಿಮಳೆಗೆ ಕರೆಂಟ್ ಹೋಗಿ ಲಾಗರ್ ಎರಡು ದಿನ ಸತ್ತಿದ್ದರೆ? ಕೂಡಿಸುವ ಸಮ್ ಫಂಕ್ಷನ್ ಆ ದಿನಗಳಿಗೆ ಸೊನ್ನೆ ಕೊಡುತ್ತದೆ. ಜಡಿಮಳೆಯ ದಿನ ಒಣಗಿದ ದಿನವಾಗುತ್ತದೆ. ಮಿನ್_ಕೌಂಟ್ (ಕನಿಷ್ಠ ಎಷ್ಟು ಅಳತೆ ಇರಬೇಕು) 1 ಕೊಟ್ಟರೆ ಖಾಲಿ ದಿನ ಖಾಲಿಯಾಗಿಯೇ ಉಳಿಯುತ್ತದೆ. ಪೂರ್ತಿ ದಿನಕ್ಕೆ 96 ಸಾಲು ಬೇಕಲ್ಲ, ಅರ್ಧಂಬರ್ಧ ದಿನಗಳನ್ನು ಹಿಡಿಯಲು ಕೌಂಟ್ ಕೂಡ ಪಕ್ಕದಲ್ಲಿ ಇಟ್ಟುಕೊಳ್ಳಿ.

ಡೇಟಾಬೇಸ್ ಪೋಸ್ಟ್‌ಗ್ರೆಸ್ ಆದರೆ ಟೈಮ್‌ಸ್ಟ್ಯಾಂಪ್‌ಟಿಝಡ್ ಎಂಬ ಕಾಲಂ ಮಾದರಿ ಬಳಸಿ. ಅದು ಕ್ಷಣವನ್ನು ಉಳಿಸುತ್ತದೆ, ಮೂಲ ಝೋನ್‌ನ ಹೆಸರನ್ನಲ್ಲ. ಹೆಸರು ಬೇಕಿದ್ದರೆ ಬೇರೆ ಕಾಲಂ ಮಾಡಿ.

ದುಬೈ ಡೇಟಾ ಜೋಡಿಸುವುದು ಸುಲಭ: ವರ್ಷವಿಡೀ ನಮಗಿಂತ ಒಂದೂವರೆ ಗಂಟೆ ಹಿಂದೆ. ನ್ಯೂಯಾರ್ಕ್ ಹಾಗಲ್ಲ, ಅಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ. ಅಲ್ಲಿನ ಬೆಳಗಿನ ಒಂಬತ್ತು ಬೇಸಿಗೆಯಲ್ಲಿ ಇಲ್ಲಿನ ಸಂಜೆ 6.30, ಚಳಿಗಾಲದಲ್ಲಿ 7.30. 2024ರ ಮಾರ್ಚ್ 10ರಂದು ಅಲ್ಲಿ ನಸುಕಿನ 2.30 ಇರಲೇ ಇಲ್ಲ. ನವೆಂಬರ್ 3ರಂದು 1.30 ಎರಡು ಸಲ ಬಂತು. ಲೋಕಲೈಸ್ ಇಲ್ಲಿ ಎರರ್ ಕೊಟ್ಟರೆ ಬಾಯಿ ಮುಚ್ಚಿಸಬೇಡಿ. ಸಾಲುಗಳು ಕ್ರಮವಾಗಿದ್ದು, ಆ ಗಂಟೆ ಎರಡು ಸಲವೂ ದಾಖಲಾಗಿದ್ದರೆ ಆಂಬಿಗ್ಯುಯಸ್ ಆಯ್ಕೆಗೆ ಇನ್‌ಫರ್ (ಕ್ರಮ ನೋಡಿ ಊಹಿಸು) ಸಾಕು. ಇಲ್ಲದಿದ್ದರೆ ಎನ್‌ಎಟಿ (ಸಮಯ ಗೊತ್ತಿಲ್ಲ ಎನ್ನುವ ಖಾಲಿ ಗುರುತು) ಇಟ್ಟು ಕೈಯಾರೆ ನೋಡಿ.

ಕೊನೆಗೆ ಮೂರು ಸಾಲಿನ ಟೆಸ್ಟ್ ಬರೆದಿಡಿ. ಅವಧಿಯ ಕೊನೆಯ ಸಮಯ ಬರೆಯುವ ಲಾಗರ್‌ಗೆ 2024ರ ಜೂನ್ 15ರ ಭಾರತದ ಸಮಯ 00:15, ಯುಟಿಸಿಯಲ್ಲಿ 14ರ 18:45 ಆಗಬೇಕು, ಮಳೆ ದಿನ 15. ಅದೇ ದಿನದ 08:30ಕ್ಕೂ ಮಳೆ ದಿನ 15. 08:45ಕ್ಕೆ 16.