ಮೀಡಿಯಂ ವೇವ್ ಟ್ರಾನ್ಸ್‌ಮಿಟರ್: ಕ್ಯಾರಿಯರ್ ತಗ್ಗಿಸಿ ಕರೆಂಟ್ ಉಳಿಸುವ ಬಗೆ

ದನಿ ಇರಲಿ ಬಿಡಲಿ ಟ್ರಾನ್ಸ್‌ಮಿಟರ್‌ನಿಂದ ಹೊರಡುವ ಮೂಲ ತರಂಗವೇ ಕ್ಯಾರಿಯರ್; ದನಿಗೆ ತಕ್ಕಂತೆ ಅದನ್ನು ಏರಿಳಿಸುವುದೇ ಮಾಡ್ಯುಲೇಶನ್. 200 ಕಿಲೋವ್ಯಾಟ್ ಕ್ಯಾರಿಯರ್‌ಗೆ ಸೈನ್ ತರಂಗದಿಂದ 100% ಮಾಡ್ಯುಲೇಶನ್ ಕೊಟ್ಟರೆ ಹೊರಡುವುದು 300 ಕಿಲೋವ್ಯಾಟ್. ಅದರಲ್ಲಿ ದನಿ ಹೊತ್ತ ಸೈಡ್‌ಬ್ಯಾಂಡ್‌ಗಳ ಪಾಲು 100. ಮಾಡ್ಯುಲೇಶನ್ 30%ಕ್ಕೆ ಇಳಿದರೆ ಆ ಪಾಲು ಬರೀ 9. ಕ್ಯಾರಿಯರ್ ಮಾತ್ರ ಅದೇ 200. ಹಾಗಾಗಿ ಟ್ರಾನ್ಸ್‌ಮಿಟರ್ ಎಷ್ಟೇ ಹೊಸದಿರಲಿ, ಉಳಿತಾಯ ಹುಡುಕಬೇಕಾದದ್ದು ಕ್ಯಾರಿಯರ್‌ನಲ್ಲಿ. ಮಾಡ್ಯುಲೇಶನ್ ನೋಡಿಕೊಂಡು ಕ್ಯಾರಿಯರ್ ಏರಿಳಿಸುವ ಈ ತಂತ್ರಕ್ಕೆ ಎಂಡಿಸಿಎಲ್ (ಮಾಡ್ಯುಲೇಶನ್ ಡಿಪೆಂಡೆಂಟ್ ಕ್ಯಾರಿಯರ್ ಲೆವೆಲ್) ಎನ್ನುತ್ತಾರೆ. ಅಮೆರಿಕದ ಸಂವಹನ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2011ರಲ್ಲಿ ಇದಕ್ಕೆ ದಾರಿ ಮಾಡಿಕೊಟ್ಟಿತು.

ಇದರಲ್ಲಿ ಎರಡು ಬಗೆ. ಬಿಬಿಸಿ ರೂಪಿಸಿದ ಎಎಂಸಿ (ಆಂಪ್ಲಿಟ್ಯೂಡ್ ಮಾಡ್ಯುಲೇಶನ್ ಕಂಪ್ಯಾಂಡಿಂಗ್), ದನಿ ಜೋರಾದಾಗ ಕ್ಯಾರಿಯರ್, ಸೈಡ್‌ಬ್ಯಾಂಡ್ ಎರಡನ್ನೂ ಇಳಿಸುತ್ತದೆ. ಮೌನದಲ್ಲಿ ಪೂರ್ತಿ ಕ್ಯಾರಿಯರ್ ಇರುವುದರಿಂದ ಗೊರಗೊರ ಏಳುವುದಿಲ್ಲ. ಡಿಸಿಸಿ (ಡೈನಾಮಿಕ್ ಕ್ಯಾರಿಯರ್ ಕಂಟ್ರೋಲ್) ಇದಕ್ಕೆ ತದ್ವಿರುದ್ಧ: ದನಿ ಮೆತ್ತಗಾದಾಗ ಕ್ಯಾರಿಯರ್ ಇಳಿಯುತ್ತದೆ, ಮಾತಿನ ನಡುವಿನ ಬಿಡುವಿನಲ್ಲಿ ಗದ್ದಲ ಕೇಳಿಸಬಹುದು. ದನಿಯ ಮಟ್ಟ ಹದಗೊಳಿಸುವ ಆಡಿಯೋ ಪ್ರೊಸೆಸರ್‌ನಲ್ಲಿ ಗಟ್ಟಿಯಾಗಿ ಒತ್ತಿದ ಹಾಡು, ಜಾಹೀರಾತು ಹೆಚ್ಚಿದ್ದರೆ ಎಎಂಸಿ ಲಾಭ. ಬಿಡುವು ಬಿಟ್ಟು ಓದುವ ವಾರ್ತೆ, ಚರ್ಚೆಗೆ ಅದರಿಂದ ಉಳಿತಾಯ ಕಡಿಮೆ. ಆದರೂ ಮೊದಲು ಎಎಂಸಿಯನ್ನೇ ಪ್ರಯತ್ನಿಸುವುದು ಒಳ್ಳೆಯದು. ಕೇಳುಗರ ದೂರು ಕಡಿಮೆ.

ಶುರುವಿಗೆ ಆಡಿಯೋ ಪ್ರೊಸೆಸರ್ ಸರಿಪಡಿಸಿ. ನೆಗೆಟಿವ್ ಪೀಕ್ 100% ಮುಟ್ಟಿ ಕ್ಯಾರಿಯರ್ ಕತ್ತರಿಸಿದರೆ ಪಕ್ಕದ ಚಾನೆಲ್‌ಗೆ ಸಿಡಿಯುತ್ತದೆ; ಪೀಕ್ ತಡೆಯುವ ಲಿಮಿಟರ್ ಅನ್ನು 95ರಿಂದ 98%ರಲ್ಲಿ ನಿಲ್ಲಿಸಿ. ಎಂಡಿಸಿಎಲ್ ಆಫ್ ಇಟ್ಟು ಒಂದು ವಾರ ಯೂನಿಟ್ ಲೆಕ್ಕ ಬರೆದಿಡಿ. ಕೂಲಿಂಗ್‌ಗೆ ಬೇರೆ ಮೀಟರ್ ಇದ್ದರೆ ಅದನ್ನೂ ಬರೆಯಿರಿ, ಶಾಖ ಇಳಿದಂತೆ ಅದೂ ಇಳಿಯುತ್ತದೆ. ಆಮೇಲೆ ಎಕ್ಸೈಟರ್ (ಟ್ರಾನ್ಸ್‌ಮಿಟರ್‌ಗೆ ಮೂಲ ಸಿಗ್ನಲ್ ಕೊಡುವ ಘಟಕ) ಮೆನುವಿನಲ್ಲಿ ಎಎಂಸಿ ಇಳಿತ 1.5 ಡಿಬಿ ಇಡಿ, ಕೆಲವು ದಿನ ಬಿಟ್ಟು 3 ಡಿಬಿ. 3 ಡಿಬಿಯಲ್ಲಿ, 100% ಮಾಡ್ಯುಲೇಶನ್‌ನ ಹೊತ್ತಿಗೆ ಆ 300 ಕಿಲೋವ್ಯಾಟ್ 150ಕ್ಕೆ ಬರುತ್ತದೆ.

ಪರೀಕ್ಷೆ ಸ್ಟೇಷನ್ನಿನಲ್ಲಿ ಕೂತು ಆಗುವುದಲ್ಲ. ಹತ್ತಿರದ ರೇಡಿಯೋದ ಎಜಿಸಿ (ಸಿಗ್ನಲ್ ಏರಿಳಿದರೂ ದನಿಯನ್ನು ಒಂದೇ ಮಟ್ಟದಲ್ಲಿಡುವ ಸರ್ಕ್ಯೂಟ್) ಇಳಿತವನ್ನು ಮುಚ್ಚಿಬಿಡುತ್ತದೆ. ಪ್ರಸಾರ ಕ್ಷೇತ್ರದ ಅಂಚಿಗೆ ಅಗ್ಗದ ಸೆಟ್ ಒಯ್ದು ಹಗಲೂ ರಾತ್ರಿಯೂ ಕೇಳಿ. ಅಲ್ಲಿ ಎಜಿಸಿಗೆ ಉಸಿರಿಲ್ಲ, ಜೋರು ದನಿ ಕುಗ್ಗಿ ಕೇಳಿಸಿದರೆ ಡಿಬಿ ತಗ್ಗಿಸಿ.

ಕ್ಯಾರಿಯರ್ ಮಟ್ಟವನ್ನು ಕೈಯಿಂದ ಹೊಂದಿಸುವ ಹಳೇ ಮಾಡ್ಯುಲೇಶನ್ ಮಾನಿಟರ್ ಈಗ ತಪ್ಪು ತೋರಿಸುತ್ತದೆ. ಕಾಮನ್ ಪಾಯಿಂಟ್ ಕರೆಂಟ್ (ಆಂಟೆನಾ ಸಾಲಿಗೆ ಹೋಗುವ ಒಟ್ಟು ಕರೆಂಟ್) ಕೂಡ ಕುಣಿಯುತ್ತದೆ. ಫೀಲ್ಡ್ ಸ್ಟ್ರೆಂತ್ ಅಳೆಯುವ ಮುನ್ನ ಎಂಡಿಸಿಎಲ್ ಆಫ್ ಮಾಡಿ, ಇಲ್ಲವಾದರೆ ಚೆನ್ನಾಗಿರುವ ಆಂಟೆನಾವನ್ನೇ ಕೆಟ್ಟಿದೆ ಎಂದು ಬಿಚ್ಚಿ ಕೂರುತ್ತೀರಿ.