ಮಳೆಗಾಲದಲ್ಲೂ ನಿಲ್ಲುವ ಹೇರ್ ಸೆಟ್ಟಿಂಗ್: ಉಪ್ಪಳದ ಸೆಲೂನಿನಲ್ಲಿ ನಾನು ಕಂಡುಕೊಂಡ ಕ್ರಮ

ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ, ಗಂಡಸರ ಕೂದಲಿಗೆ ಡ್ರೈಯರ್ ಹಿಡಿದು ಸೆಟ್ ಮಾಡುವುದು ವ್ಯರ್ಥ ಕೆಲಸವೆಂದು ಮಂಜೇಶ್ವರದಿಂದ ಕಾಸರಗೋಡಿನವರೆಗೆ ನಮ್ಮ ಕಸುಬಿನ ಹಲವರು ನಂಬಿದ್ದಾರೆ. ಗಿರಾಕಿ ಮೆಟ್ಟಿಲು ಇಳಿಯುವಷ್ಟರಲ್ಲಿ ಮುಂಗೂದಲು ಹಣೆಗೆ ಅಂಟುತ್ತದೆ, ಸುಮ್ಮನೆ ಕರೆಂಟು ಯಾಕೆ ಸುಡುವುದು ಎಂದು ನಾನು ಕೆಲಸ ಕಲಿಯುತ್ತಿರುವ ಉಪ್ಪಳದ ಸೆಲೂನಿನ ಮಾಲಕರೂ ಹೇಳುತ್ತಿದ್ದರು. ಕಳೆದ ಮಳೆಗಾಲದಲ್ಲಿ ಅದೇ ಅಂಗಡಿಯಲ್ಲಿ ನಾನು ಸೆಟ್ ಮಾಡಿದ ತಲೆಗಳು ಸಂಜೆಯವರೆಗೆ ನಿಂತವು. ಬೆಳಿಗ್ಗೆ ಮಾಡಿಸಿಕೊಂಡು ಮಂಗಳೂರಿನ ಬಸ್ಸು ಹತ್ತಿದ ಹುಡುಗರು ಮರಳಿ ಬರುವಾಗ ಅಂಗಡಿಯೊಳಗೆ ಇಣುಕಿ ತಲೆ ತೋರಿಸಿ ಹೋದದ್ದೂ ಉಂಟು. ಕತ್ತರಿ, ಬಾಚಣಿಗೆ, ಬ್ರಷ್ ಹಿಡಿಯುವ ಬಗೆ ತಿಳಿದವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಆದ್ದರಿಂದ ಮೊದಲಿನ ಪಾಠಗಳನ್ನು ಇಲ್ಲಿ ವಿವರಿಸುವುದಿಲ್ಲ.

ಮೊದಲು ಹಣ ಹೋದ ಕಥೆ. ಕಲಿಯುವವನಿಗೆ ಸಿಗುವುದು ದಿನಖರ್ಚು ಮಾತ್ರವಾದುದರಿಂದ ಸುಮಾರು ಏಳುನೂರು ರೂಪಾಯಿಯ ಸಣ್ಣ ಡ್ರೈಯರ್ ಒಂದನ್ನು ತಂದೆ. ಅದರಲ್ಲಿದ್ದ ತಣ್ಣನೆಯ ಗಾಳಿಯ ಗುಂಡಿ ಹೆಸರಿಗೆ ಮಾತ್ರ. ಒತ್ತಿದರೆ ಬಿಸಿ ಸ್ವಲ್ಪ ಇಳಿಯುತ್ತಿತ್ತೇ ಹೊರತು ಗಾಳಿ ತಣ್ಣಗಾಗುತ್ತಿರಲಿಲ್ಲ. ಕೆಲವು ತಿಂಗಳಲ್ಲಿ ಅದರ ಕಾಯಿಲ್ ಸುಟ್ಟಿತು. ಎರಡನೆಯದು 2000 ವ್ಯಾಟಿನದು, ಮೂರು ಸಾವಿರದ ಆಸುಪಾಸಿನ ಬೆಲೆ. ಅದನ್ನು ಕೊಳ್ಳುವಾಗ ನಾನು ನೋಡಿದ್ದು ಒಂದೇ ವಿಷಯ: ತಣ್ಣನೆಯ ಗಾಳಿಯ ಗುಂಡಿ ಒತ್ತಿ ಮೂತಿಗೆ ಅಂಗೈ ಒಡ್ಡಿದರೆ ಕೆಲವೇ ಕ್ಷಣಗಳಲ್ಲಿ ಬಿಸಿ ಪೂರ್ತಿ ಹೋಗಬೇಕು. ಅಂಗಡಿಯವನು ಬಿಸಿಯನ್ನು ಹೊಗಳುತ್ತಲೇ ಇದ್ದ, ನಾನು ತಣ್ಣನೆಯ ಗಾಳಿಯನ್ನೇ ಪರೀಕ್ಷಿಸುತ್ತಿದ್ದೆ.

ಮಳೆಗಾಲದಲ್ಲಿ ಸೆಟ್ಟಿಂಗ್ ಬೀಳಲು ಹೊರಗಿನ ತೇವ ಕಾರಣವೆಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಕಾರಣ. ಉಳಿದರ್ಧ ಕುರ್ಚಿಯಲ್ಲಿಯೇ ಆಗುತ್ತದೆ ಎಂಬುದು ನನಗೆ ಹೊಳೆದದ್ದು ಗಿರಾಕಿಯೊಬ್ಬರ ನೆತ್ತಿಗೆ ಬೆರಳು ಹಾಕಿ ನೋಡಿದಾಗ. ಕೂದಲ ತುದಿ ಹುಲ್ಲಿನಂತೆ ಒಣಗಿತ್ತು, ಬುಡ ಮಾತ್ರ ಒದ್ದೆಯಾಗಿತ್ತು. ಎ.ಸಿ. ಇಲ್ಲದ ಕೋಣೆಯಲ್ಲಿ ಬಿಸಿ ಗಾಳಿಯನ್ನು ಪೂರ್ತಿ ವೇಗದಲ್ಲಿ ಬಿಟ್ಟರೆ ತಲೆಯ ಚರ್ಮ ಬೆವರುತ್ತದೆ, ಆ ಬೆವರು ಬುಡವನ್ನು ಒಳಗಿನಿಂದಲೇ ಮತ್ತೆ ನೆನೆಸುತ್ತದೆ. ಒದ್ದೆ ಬುಡದ ಮೇಲೆ ಕೂದಲನ್ನು ಹಿಡಿದು ನಿಲ್ಲಿಸುವ ವ್ಯಾಕ್ಸ್ ಹಚ್ಚಿದರೆ ಕೂದಲು ಗಂಟುಗಂಟಾಗಿ ಕೂರುತ್ತದೆ, ಭಾರಕ್ಕೆ ಬೀಳುತ್ತದೆ. ನಾವು ಆಗ ವ್ಯಾಕ್ಸ್ ಸಾಲದಾಯಿತೆಂದು ಇನ್ನಷ್ಟು ಹಚ್ಚುತ್ತೇವೆ.

ಆದ್ದರಿಂದ ನನ್ನ ಕ್ರಮದಲ್ಲಿ ಬಿಸಿಗಿಂತ ತಣಿಸುವುದಕ್ಕೆ ಹೆಚ್ಚು ಹೊತ್ತು. ನಮ್ಮಲ್ಲಿ ತೆಂಗಿನೆಣ್ಣೆ ಹಚ್ಚದ ತಲೆ ಅಪರೂಪ. ಎರಡು ಸಲ ಶಾಂಪೂ ಹಾಕಿ ತೊಳೆಯದೆ ನಾನು ಡ್ರೈಯರ್ ಮುಟ್ಟುವುದಿಲ್ಲ. ಟವೆಲಿನಿಂದ ಉಜ್ಜುವ ಬದಲು ಒತ್ತಿ ಒತ್ತಿ ನೀರು ತೆಗೆಯುತ್ತೇನೆ. ಬಳಿಕ ನಾಝಲ್ (ಡ್ರೈಯರಿನ ಮೂತಿಗೆ ಸಿಕ್ಕಿಸುವ ಚಪ್ಪಟೆ ತುದಿ) ಇಲ್ಲದೆ, ಮಧ್ಯಮ ಬಿಸಿಯಲ್ಲಿ, ಕೊನೆಗೆ ಕೂದಲು ಯಾವ ಕಡೆ ಮಲಗಬೇಕೋ ಅದರ ಎದುರು ದಿಕ್ಕಿಗೆ ಬೆರಳಿನಿಂದ ಎತ್ತುತ್ತ ಮುಕ್ಕಾಲು ಪಾಲು ಒಣಗಿಸುತ್ತೇನೆ. ನಾಝಲ್ ಮತ್ತು ಬ್ರಷ್ ಬರುವುದು ಆಮೇಲೆ. ಗಾಳಿ ಬುಡದಿಂದ ತುದಿಯ ಕಡೆಗೆ ಸಾಗಬೇಕು, ಮೂತಿ ಒಂದು ಗೇಣಿನಷ್ಟಾದರೂ ದೂರವಿರಬೇಕು. ಪ್ರತಿ ಎಳೆಯನ್ನು ಬ್ರಷ್ಷಿನಲ್ಲಿ ಸುತ್ತಿ ಬಿಸಿ ಕೊಟ್ಟ ಮೇಲೆ ಬ್ರಷ್ ಬಿಡದೆ ತಣ್ಣನೆಯ ಗಾಳಿ ಹಿಡಿಯುತ್ತೇನೆ. ಅಂಗೈಯ ಹಿಂಬದಿಗೆ ಬಿಸಿ ತಾಗದಷ್ಟಾದಾಗ ಮಾತ್ರ ಬ್ರಷ್ ಬಿಡಿಸುತ್ತೇನೆ. ಕೂದಲು ಒಣಗಿ ತಣಿದಾಗಲಷ್ಟೇ ಆಕಾರ ಹಿಡಿಯುತ್ತದೆ. ಬಿಸಿಯಿರುವಾಗಲೇ ಬಿಟ್ಟರೆ ಪಟ್ಟ ಶ್ರಮವೆಲ್ಲ ನೀರುಪಾಲು. ತಲೆಯ ಮೇಲಿನ ಫ್ಯಾನು ಈ ಹೊತ್ತಿನಲ್ಲಿ ಶತ್ರು. ಅದನ್ನು ನಿಲ್ಲಿಸಿ ಕುರ್ಚಿಯ ಹಿಂದೆ, ಗಿರಾಕಿಯ ಕುತ್ತಿಗೆಯ ಮಟ್ಟಕ್ಕೆ ಒಂದು ಟೇಬಲ್ ಫ್ಯಾನ್ ಇಟ್ಟೆ. ಹಿರಿಯ ಕೆಲಸಗಾರರೊಬ್ಬರು ಅದನ್ನು ಕಂಡು, "ಇವನು ಮದುಮಗಳ ಶೃಂಗಾರಕ್ಕೆ ಕೂತ ಹಾಗೆ ಉಂಟಲ್ಲ ಮಾರಾಯ" ಎಂದು ಎಲ್ಲರನ್ನೂ ನಗಿಸಿದರು. ಕುತ್ತಿಗೆ ತಂಪಾಗಿದ್ದರೆ ನೆತ್ತಿ ಬೆವರುವುದು ಕಡಿಮೆ. ಈಗ ಆ ಫ್ಯಾನಿಗೆ ಅವರ ಕುರ್ಚಿಯೂ ಸರದಿ ಕಾಯುತ್ತದೆ.

ಸುಳಿಯ ವಿಷಯ ಬೇರೆಯೇ. ನಡುನೆತ್ತಿಯ ಸುಳಿಯನ್ನು ಒಂದೇ ದಿಕ್ಕಿಗೆ ಒತ್ತಿ ಒಣಗಿಸಿದರೆ ಅದು ಅರ್ಧ ಗಂಟೆಯಲ್ಲಿ ಎದ್ದು ನಿಲ್ಲುತ್ತದೆ. ಬುಡ ಇನ್ನೂ ಒದ್ದೆಯಿರುವಾಗಲೇ ಮೊದಲ ಬಿಸಿಯನ್ನು ಸುಳಿಗೆ ಕೊಟ್ಟು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಚುತ್ತ ಅದರ ಹಟ ಮುರಿಯಬೇಕು. ಎರಡು ಸುಳಿಯವನಿಗೆ ಎರಡು ಮದುವೆ ಎಂಬ ಮಾತನ್ನು ಹೇಳಿ ನಗಿಸುತ್ತ ಕೂರಿಸಿದರೆ ಗಿರಾಕಿಗೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಎರಡು ಸುಳಿಗಳ ನಡುವೆ ಬಾಚಣಿಗೆಯನ್ನು ನಾನು ಹಿಡಿಯುವ ಕೋನವೊಂದಿದೆ. ಅದನ್ನು ಬರೆಯುವುದಿಲ್ಲ, ಅಂಗಡಿಗೆ ಬಂದವರು ನೋಡಿ ಕಲಿತರೆ ನನ್ನ ಅಭ್ಯಂತರವಿಲ್ಲ.

ಇದರ ನಡುವೆ ಮನೆಯ ಅಡುಗೆಕೋಣೆಯಲ್ಲೂ ಕೆಲವು ಪ್ರಯೋಗಗಳು ನಡೆದವು. ಕೂದಲಿಗೆ ಸಿಂಪಡಿಸುವ ಉಪ್ಪುನೀರು, ಪೇಟೆಯ ಸೀ ಸಾಲ್ಟ್ ಸ್ಪ್ರೇ, ದುಬಾರಿಯೆಂದು ಕಲ್ಲುಪ್ಪು ಕರಗಿಸಿ ಬಾಟಲಿಗೆ ತುಂಬಿದೆ. ಕುಂಭ ಮಾಸದ ಒಣ ದಿನಗಳಲ್ಲಿ ಅದು ಪೇಟೆಯದಕ್ಕಿಂತ ಕಡಿಮೆಯೇನೂ ಇರಲಿಲ್ಲ. ಜುಲೈ ಬಂದಾಗ ಅದೇ ನೀರು ಕೂದಲನ್ನು ಜಿಗುಟು ಮಾಡಿತು. ಜಾಡಿಯಲ್ಲಿಟ್ಟ ಕಲ್ಲುಪ್ಪು ಮಳೆಗಾಲದಲ್ಲಿ ನೀರೊಡೆಯುವುದನ್ನು ಬಲ್ಲವರಿಗೆ ಇದರ ಕಾರಣ ಹೇಳಬೇಕಾಗಿಲ್ಲ. ಗಂಜಿ ತಿಳಿ ಹಚ್ಚಿದ ಕೂದಲು ಗಟ್ಟಿಯಾಗಿ ನಿಂತಿತು, ಆದರೆ ಬಾಚಿದೊಡನೆ ಹೊಟ್ಟಿನಂತೆ ಬಿಳಿ ಪುಡಿ ಉದುರಿ ಕಪ್ಪು ಅಂಗಿ ತೊಟ್ಟ ಗಿರಾಕಿ ಮುನಿಸಿಕೊಂಡರು. ದಾಸವಾಳದ ಎಲೆಯ ಗೊಂಪು (ಲೋಳೆ) ತೊಳೆಯುವುದಕ್ಕೆ ಉತ್ತಮ, ಹಿಡಿತಕ್ಕಲ್ಲ. ಅಗಸೆ ಬೀಜವನ್ನು ಕುದಿಸಿ ಸೋಸಿದ ಲೋಳೆ ಮಾತ್ರ ಪರವಾಗಿಲ್ಲ ಅನ್ನಿಸಿತು. ತೆಳ್ಳಗೆ ಹಚ್ಚಿ ಪೂರ್ತಿ ಒಣಗಿಸಿದರೆ ಗುಂಗುರು ಕೂದಲಿಗೆ ಈಗಲೂ ಬಳಸುತ್ತೇನೆ. ಕೆಲವು ದಿನಗಳಲ್ಲೇ ಹಳಸುವುದರಿಂದ ಫ್ರಿಜ್ಜಿನಲ್ಲಿಡಬೇಕು. ಅದಕ್ಕೆ ಇನ್ನೊಂದು ಪದಾರ್ಥವನ್ನೂ ಸೇರಿಸುತ್ತೇನೆ, ಅದು ನನ್ನಲ್ಲೇ ಇರಲಿ.

ಒಣಗಿದ ಮೇಲೆ ಕತ್ತರಿಯನ್ನು ಮತ್ತೆ ಕೈಗೆತ್ತಿಕೊಳ್ಳಲೇಬೇಕು. ಒದ್ದೆ ಕೂದಲು ಉದ್ದ ಕಾಣುತ್ತದೆ. ಒಣಗಿ ಎದ್ದಾಗ ಕಿವಿಯ ಮೇಲ್ಭಾಗದಲ್ಲಿ, ಬೈತಲೆಯ ಅಂಚಿನಲ್ಲಿ ಅಡಗಿದ್ದ ಏರುಪೇರು ಹೊರಬರುತ್ತದೆ. ತುದಿಯಿಂದ ಚುಚ್ಚಿ ಚುಚ್ಚಿ ಕತ್ತರಿಸಿ ಅದನ್ನು ಸರಿಪಡಿಸಿದ ಬಳಿಕವೇ ವ್ಯಾಕ್ಸ್. ಕ್ಲೇ ಎಂಬ ಹೊಳಪಿಲ್ಲದ ವ್ಯಾಕ್ಸ್ ಆದರೆ ಕಡಲೆಕಾಳಿನಷ್ಟು ಸಾಕು. ಅಂಗೈಯಲ್ಲಿ ಅದು ಕಾಣದಂತಾಗುವವರೆಗೆ ಉಜ್ಜಿ, ಹಿಂದಲೆಯಿಂದ ಆರಂಭಿಸಿ, ಕೈಯಲ್ಲಿ ಉಳಿದದ್ದನ್ನಷ್ಟೇ ಮುಂಗೂದಲಿಗೆ ಮುಟ್ಟಿಸುತ್ತೇನೆ. ತೆಳು ಕೂದಲಿನವರಿಗೆ ಕ್ಲೇ ಬೇಡ, ಬುಡಕ್ಕೆ ಚಿಟಿಕೆ ಸ್ಟೈಲಿಂಗ್ ಪೌಡರ್ ಸಾಕು. ಜೆಲ್ ಡಬ್ಬವನ್ನು ನಾನು ಮಳೆಗಾಲದಲ್ಲಿ ತೆರೆಯುವುದಿಲ್ಲ. ಕುತ್ತಿಗೆಯ ಗೆರೆ, ಕಿವಿಯ ಮುಂದಿನ ಕೂದಲ ಅಂಚು, ಬ್ರಷ್ಷಿನಲ್ಲಿ ಕೂದಲು ಕೊಡವುವುದು, ಹಿಂದಿನಿಂದ ಕನ್ನಡಿ ತೋರಿಸುವುದು ಎಲ್ಲರೂ ಮಾಡುವಂತೆಯೇ.

ಇನ್ನು ಲೆಕ್ಕ. 2000 ವ್ಯಾಟಿನ ಡ್ರೈಯರ್ ಆರು ನಿಮಿಷ ಪೂರ್ತಿ ಓಡಿದರೆ ಖರ್ಚಾಗುವುದು ಒಂದು ಯೂನಿಟ್ಟಿನ ಐದನೇ ಒಂದು ಪಾಲು; ಯೂನಿಟ್ಟಿಗೆ ಎಂಟೊಂಬತ್ತು ರೂಪಾಯಿ ಹಿಡಿದರೂ ಎರಡು ರೂಪಾಯಿಯ ಒಳಗೆ. ನಾನ್ನೂರು ರೂಪಾಯಿಯ ನೂರು ಗ್ರಾಂ ಕ್ಲೇಯಲ್ಲಿ ಒಂದು ತಲೆಗೆ ನಾಲ್ಕು ರೂಪಾಯಿ. ಶಾಂಪೂ, ಟವೆಲ್ ಒಗೆತ ಸೇರಿಸಿ ಹತ್ತು ರೂಪಾಯಿ ದಾಟುವುದಿಲ್ಲ. ಈ ಲೆಕ್ಕವನ್ನು ಕಾಗದದಲ್ಲಿ ಬರೆದು ತೋರಿಸಿದ ಮೇಲೆ ಮಾಲಕರು ಕರೆಂಟಿನ ಮಾತು ಬಿಟ್ಟರು, ಆದರೆ ಅವರ ಇನ್ನೊಂದು ವಾದ ಗಟ್ಟಿಯಾಗಿತ್ತು: ಸೆಟ್ಟಿಂಗಿಗೆ ನಾವು ಹೆಚ್ಚುವರಿ ತೆಗೆದುಕೊಳ್ಳುವುದು ಐವತ್ತು ರೂಪಾಯಿ, ಅದಕ್ಕೆ ಹಿಡಿಯುವ ಹತ್ತು ನಿಮಿಷದಲ್ಲಿ ಎಂಬತ್ತು ರೂಪಾಯಿಯ ಶೇವಿಂಗ್ ಮುಗಿಯುತ್ತದೆ. ಸರದಿ ಇರುವ ದಿನ ಅದು ನಿಜ. ಮಳೆ ಸುರಿಯುವ ವಾರದ ನಡುವಿನ ದಿನಗಳಲ್ಲಿ ಕುರ್ಚಿ ಹೇಗೂ ಖಾಲಿ. ಆಗ ಐವತ್ತೂ ಲಾಭವೇ. ಮದುಮಗನ ಕೆಲಸ ಹಿಡಿದರೆ ಆ ದರವೇ ಬೇರೆ, ಮತ್ತು ಹೀಗೆ ಸೆಟ್ ಮಾಡಿಸಿಕೊಂಡ ಹುಡುಗರಲ್ಲಿ ಇಬ್ಬರು ಅಣ್ಣಂದಿರ ಮದುವೆಗೆ ನನ್ನನ್ನೇ ಕರೆದರು.

ಹೆಲ್ಮೆಟ್ ಹಿಡಿದು ಬಂದವರಿಗೆ ನಾನು ಡ್ರೈಯರ್ ಹಿಡಿಯುವುದಿಲ್ಲ, ಐವತ್ತು ರೂಪಾಯಿ ಉಳಿಸಿಕೊಳ್ಳಿ ಎಂದು ನೇರವಾಗಿ ಹೇಳುತ್ತೇನೆ. ಓಣಂ, ಬಕ್ರೀದ್‌ಗಳ ಮುನ್ನಾದಿನ ಬೆಂಚು ತುಂಬಿ ಗಿರಾಕಿಗಳು ಹೊರಗೆ ನಿಂತಿರುವಾಗ ಡ್ರೈಯರಿನ ಪ್ಲಗ್ಗನ್ನು ನಾನೇ ಕಿತ್ತಿಡುತ್ತೇನೆ. ಆ ದಿನದ ಮಟ್ಟಿಗೆ ಮಾಲಕರ ಲೆಕ್ಕವೇ ಸರಿ.