ಹಳೇ ಕಾರಿಗೆ ದೊಡ್ಡ ಬಿಲ್ ಬಂತಾ? ಹಾಕೋದಾ ಬಿಡೋದಾ ಲೆಕ್ಕ ಹೀಗೆ ನೋಡಿ

ಹೋದ ವರ್ಷ ನಮ್ಮನೆ ಚಿಕ್ಕ ಪೆಟ್ರೋಲ್ ಕಾರಿಗೆ ಗ್ಯಾರೇಜಿಂದ 41 ಸಾವಿರದ ಎಸ್ಟಿಮೇಟ್ ಬಂತು. ಕ್ಲಚ್ ಸೆಟ್, ಮುಂದಿನ ಎರಡೂ ಶಾಕ್ ಅಬ್ಸಾರ್ಬರ್, ಲೋಅರ್ ಆರ್ಮ್ (ಚಕ್ರ ಹಿಡಿದಿಡೋ ಕೆಳಗಿನ ತೋಳು), ಎಸಿ ಕೂಲಿಂಗ್ ಕಾಯಿಲ್. ಮಾರಿದ್ರೆ ಒಂದು ಲಕ್ಷ ಬರೋದೇ ಕಷ್ಟ, ಅದಕ್ಕೆ ಇಷ್ಟು ದುಡ್ಡು ಯಾಕೆ ಸುರೀತೀಯ ಅಂತ ಭಾವ ಅಂದ್ರು, ಕೇಳಿದೋರೆಲ್ಲ ಅದನ್ನೇ ಅಂದ್ರು.

ಆ ಲೆಕ್ಕ ತಪ್ಪು ಅಂತ ನನಗೆ ಆಮೇಲೆ ಗೊತ್ತಾಗಿದ್ದು. ಗಾಡಿ ಮಾರೋಕೆ ಹೊರಟಿದ್ರೆ ಮಾತ್ರ ಮಾರೋ ಬೆಲೆ ಮುಖ್ಯ, ಓಡಿಸೋಕೆ ಇಟ್ಕೊಳ್ಳೋರಿಗೆ ಈ ದುಡ್ಡು ಹಾಕಿದ್ರೆ ಇನ್ನು ಎಷ್ಟು ತಿಂಗಳು ನೆಮ್ಮದಿಯಾಗಿ ಓಡುತ್ತೆ ಅನ್ನೋದೇ ಪ್ರಶ್ನೆ. 41 ಸಾವಿರ ಹಾಕಿ ಎರಡು ವರ್ಷ ಓಡಿದ್ರೆ ತಿಂಗಳಿಗೆ 1,700 ಬಿತ್ತು. ಅದೇ ಹೊಸ ಗಾಡಿಗೆ 5 ಲಕ್ಷ ಸಾಲ, 9% ಬಡ್ಡಿ, ಐದು ವರ್ಷ ಅಂದ್ರೆ ಇಎಂಐ ಹತ್ತಿರ ಹತ್ತಿರ 10,400, ಅಂದ್ರೆ ನಾಲ್ಕೇ ತಿಂಗಳ ಕಂತಲ್ಲಿ ಈ ಇಡೀ ರಿಪೇರಿ ಮುಗಿದೋಗುತ್ತೆ, ಅದರ ಮೇಲೆ ನಮ್ಮ ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಪೆಟ್ರೋಲ್ ಗಾಡಿಗೆ ಲೈಫ್ ಟ್ಯಾಕ್ಸೇ 14%, ಸೆಸ್ ಬೇರೆ.

ಆದ್ರೆ ಈ ಲೆಕ್ಕ ನಿಲ್ಲೋದು ಬಾಡಿ ಮತ್ತೆ ಇಂಜಿನ್ ಎರಡೂ ಗಟ್ಟಿ ಇದ್ರೆ ಮಾತ್ರ. ಅದಕ್ಕೇ ಎಸ್ಟಿಮೇಟ್‌ಗೆ ಹೂಂ ಅನ್ನೋ ಮುಂಚೆ ಅರ್ಧ ಗಂಟೆ ಗಾಡಿ ಹತ್ರ ಕೂತ್ಕೊಳ್ಳಿ. ಕಾಲಡಿ ಮ್ಯಾಟ್ ತೆಗೆದು ಕಾರ್ಪೆಟ್ ಎತ್ತಿ ನೋಡಿ. ನಾನು ಡ್ರೈವರ್ ಸೀಟ್ ಕಡೆ ಎತ್ತಿದಾಗ ಕೆಳಗಿನ ಸ್ಪಂಜ್ ತೇವ ಇತ್ತು, ಜೀವ ಧಸಕ್ ಅಂತು, ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟಿ ನೋಡಿದೆ, ಟಣ್ ಅಂತ ಸದ್ದು ಬಂತು, ತಗಡು ಗಟ್ಟಿ ಇತ್ತು. ಸದ್ದು ಮಂಕಾಗಿ ಬಂದು ಕಂದು ಪುಡಿ ಉದುರಿದ್ರೆ ತುಕ್ಕು ಒಳಗೆ ತಿಂದಿದೆ ಅಂತ. ಬಾಗಿಲ ಅಂಚಿನ ಕೆಳಗಿರೋ ನೀರು ಹೋಗೋ ತೂತುಗಳು ಮಣ್ಣು ಕಟ್ಟಿದ್ರೆ ಆಗೋದೇ ಇದು. ಮಂಗಳೂರು ಉಡುಪಿ ಕಡೆ ಉಪ್ಪು ಗಾಳಿಗೆ ಇದು ಇನ್ನೂ ಬೇಗ, ಅಲ್ಲಿನೋರು ಲಿಫ್ಟ್ ಮೇಲೆ ಹಾಕ್ಸಿ ಅಡಿ ಪೂರ್ತಿ ನೋಡ್ಲೇಬೇಕು. ಸಸ್ಪೆನ್ಷನ್ (ಶಾಕ್ ಅಬ್ಸಾರ್ಬರ್, ಲೋಅರ್ ಆರ್ಮ್ ಎಲ್ಲ ಸೇರಿದ ಭಾಗ) ಕೂರೋ ಜಾಗದಲ್ಲೇ ತುಕ್ಕು ತಿಂದು ತಗಡು ಸಡಿಲ ಆಗಿದ್ರೆ ಅಂಥ ಗಾಡಿಗೆ ಕ್ಲಚ್ ಹಾಕ್ಸೋದು ದುಡ್ಡು ದಂಡ.

ಇಂಜಿನ್‌ಗೆ ಬಂದ್ರೆ, ಬಿಸಿ ಆದ್ಮೇಲೂ ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬರ್ತಿದ್ರೆ ಆಯಿಲ್ ಉರೀತಿದೆ. ಆಯಿಲ್ ಹಾಕೋ ಮುಚ್ಚಳದ ಒಳಗೆ ಮಜ್ಜಿಗೆ ಥರ ಬಿಳಿ ನೊರೆ ಕಟ್ಟಿ, ಜೊತೆಗೆ ಕೂಲಂಟ್ ಕೂಡ ಪದೇ ಪದೇ ಕಮ್ಮಿ ಆಗ್ತಿದ್ರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ತಲೆಗೂ ಬ್ಲಾಕ್‌ಗೂ ನಡುವಿನ ಸೀಲ್) ಮೇಲೆ ಅನುಮಾನ ಪಡಿ. ಕಂಪ್ರೆಷನ್ ಟೆಸ್ಟ್ ಮಾಡ್ಸಿ, ಅಂದ್ರೆ ಸಿಲಿಂಡರ್ ಒಳಗೆ ಒತ್ತಡ ಸರಿಯಾಗಿ ನಿಲ್ಲುತ್ತಾ ಅಂತ ನೋಡೋ ಪರೀಕ್ಷೆ, ದೊಡ್ಡ ಬಿಲ್ ಮುಂದೆ ಅದರ ಖರ್ಚು ಏನೇನೂ ಅಲ್ಲ.

ಎರಡೂ ಸರಿ ಇದೆ ಅಂದ್ರೆ ಎಸ್ಟಿಮೇಟ್ ಒಡೀರಿ, ಸ್ಪೇರ್ ಬೇರೆ ಲೇಬರ್ ಬೇರೆ ಬರ್ಸಿ. ಬ್ರೇಕ್, ಸ್ಟೇರಿಂಗ್, ಟೈರ್, ಲೋಅರ್ ಆರ್ಮ್ ಇವು ಪ್ರಾಣಕ್ಕೆ ಸಂಬಂಧಿಸಿದ್ದು, ಅಲ್ಲಿ ಚೌಕಾಸಿ ಬೇಡ. ಎಸಿ ಕಾಯ್ಬಹುದು. ಆದ್ರೆ ಒಂದು ಗಮನಿಸಿ, ಕ್ಲಚ್‌ಗೆ ಗೇರ್‌ಬಾಕ್ಸ್ ಇಳಿಸ್ಲೇಬೇಕು, ಇಳಿಸಿದಾಗಲೇ ರಿಲೀಸ್ ಬೇರಿಂಗೂ (ಕ್ಲಚ್ ಬಿಡಿಸೋ ಬೇರಿಂಗ್), ಕ್ರ್ಯಾಂಕ್ ಹಿಂದಿನ ಆಯಿಲ್ ಸೀಲೂ ಹಾಕ್ಸಿಬಿಡಿ, ನೂರಾರು ರೂಪಾಯಿ ಸೀಲ್ ಆಮೇಲೆ ಲೀಕ್ ಆದ್ರೆ ಅದೇ ಲೇಬರ್ ಇನ್ನೊಂದು ಸಲ ಕೊಡ್ಬೇಕಾಗುತ್ತೆ. ಟೈಮಿಂಗ್ ಬೆಲ್ಟ್ (ವಾಲ್ವ್‌ಗಳನ್ನ ಸರಿಯಾದ ಹೊತ್ತಿಗೆ ಓಡಿಸೋ ಬೆಲ್ಟ್) ಇರೋ ಇಂಜಿನ್ ಆಗಿದ್ರೆ ಬೆಲ್ಟ್ ಯಾವಾಗ ಹಾಕಿದ್ದು ಅಂತ ಹುಡುಕಿ, ಎಷ್ಟೋ ಇಂಜಿನ್‌ಗಳಲ್ಲಿ ಅದು ಕಿತ್ತೋದ್ರೆ ವಾಲ್ವ್‌ಗಳೂ ಬಗ್ಗಿ ಹೋಗುತ್ವೆ. ಬಿಚ್ಚಿದ ಹಳೇ ಪಾರ್ಟ್ ವಾಪಸ್ ಕೇಳಿ. ಬೆಂಗಳೂರಲ್ಲಿದ್ರೆ ಜೆಸಿ ರೋಡ್‌ನ ಸ್ಪೇರ್ ಪಾರ್ಟ್ ಅಂಗಡಿಗಳಲ್ಲಿ ಪಾರ್ಟ್ ನಂಬರ್ ಹೇಳಿ ರೇಟ್ ಕೇಳ್ಕೊಂಡು ಬನ್ನಿ.

ಗಾಡಿಗೆ 14 ವರ್ಷ ದಾಟಿದ್ರೆ ಆರ್‌ಸಿ ಲೆಕ್ಕನೂ ಸೇರಿಸ್ಕೊಳ್ಳಿ. 15 ವರ್ಷಕ್ಕೆ ಆರ್‌ಟಿಒದಲ್ಲಿ ರಿನ್ಯೂವಲ್, 2022ರಿಂದ ಕಾರಿಗೆ ಫೀಸ್ 5,000, ಗ್ರೀನ್ ಟ್ಯಾಕ್ಸ್ ಬೇರೆ. ಮುಗಿಯೋ 60 ದಿನ ಮುಂಚೆಯಿಂದ ಅರ್ಜಿ ಹಾಕ್ಬಹುದು, ತಡ ಮಾಡಿದ್ರೆ ತಿಂಗಳಿಗೆ 500 ದಂಡ. ಮಾಡ್ಸಿದ್ರೆ ಇನ್ನೈದು ವರ್ಷ ಸಿಗುತ್ತೆ. ದೆಹಲಿ ಕಡೆಯ 15 ವರ್ಷದ ಪೆಟ್ರೋಲ್ ಗಾಡಿ ನಿಷೇಧದ ಸುದ್ದಿ ಕೇಳಿ, ಅದು ಇಲ್ಲಿಗೆ ಅನ್ವಯಿಸದಿದ್ರೂ ಇಲ್ಲಿನೋರು ಗಾಬರಿಯಲ್ಲಿ ಗಾಡಿ ಮಾರ್ಕೊಂಡಿದ್ದು ನೋಡಿದೀನಿ, ತುಂಬಾ ಬೇಜಾರಾಗುತ್ತೆ.

ಇನ್ನು ಯಾವಾಗ ಬಿಡ್ಬೇಕು ಅಂದ್ರೆ, ಹಳೇ ಬಿಲ್ಲೆಲ್ಲ ತೆಗೆದು ಎರಡು ವರ್ಷದ್ದು ಕೂಡಿ. ಸರ್ವಿಸ್, ಟೈರ್, ಬ್ಯಾಟರಿ ಬಿಟ್ಟು ರಿಪೇರಿಗೇ ತಿಂಗಳಿಗೆ ಐದಾರು ಸಾವಿರ ಬೀಳ್ತಿದ್ರೆ, ಅದೂ ಪ್ರತಿ ಸಲ ಬೇರೆ ಬೇರೆ ಕಡೆ ಕೈಕೊಡ್ತಿದ್ರೆ, ಬಿಟ್ಬಿಡಿ. ರಾತ್ರಿ ಹೊತ್ತು ಘಾಟಿಯಲ್ಲಿ ಮನೆಯೋರನ್ನ ಕೂರಿಸ್ಕೊಂಡು ಹೋಗೋಕೆ ಧೈರ್ಯ ಬರ್ತಿಲ್ಲ ಅಂದ್ರೂ ಅಷ್ಟೇ, ಲೆಕ್ಕ ಏನೇ ಹೇಳ್ಲಿ.

ಮಾರಿದ್ರೆ ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30 ಸಹಿ ಹಾಕಿ ಆರ್‌ಸಿ ಕೊಂಡೋರ ಹೆಸರಿಗೆ ಆಗೋವರೆಗೂ ಬೆನ್ನು ಬಿಡ್ಬೇಡಿ, ಇಲ್ಲಾಂದ್ರೆ ದಂಡದ ಚಲನ್ ನಿಮಗೇ ಬರುತ್ತೆ. ಗುಜರಿಗೆ ಅಂದ್ರೆ ಸರ್ಕಾರದಲ್ಲಿ ನೋಂದಣಿ ಆಗಿರೋ ಸ್ಕ್ರ್ಯಾಪ್ ಸೆಂಟರ್‌ಗೇ ಕೊಟ್ಟು ಸರ್ಟಿಫಿಕೇಟ್ ಇಸ್ಕೊಳ್ಳಿ, ಆರ್‌ಸಿ ರದ್ದಾಗಿದ್ದು ಖಾತ್ರಿ ಮಾಡ್ಕೊಳ್ಳಿ.

ನಾವು ಕ್ಲಚ್ಚು, ಸಸ್ಪೆನ್ಷನ್ ಮಾಡ್ಸಿ ಎಸಿ ಬೇಸಿಗೆಗೆ ಬಿಟ್ವಿ. ಮಾರ್ಚ್‌ನಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚಿ ಕಾಯಿಲ್ ಹಾಕಿದ್ರು, ಅಲ್ಲಿಂದ ಇಲ್ಲೀವರೆಗೂ ಆಯಿಲ್ ಬದಲಾಯ್ಸಿದ್ದು ಬಿಟ್ರೆ ಗ್ಯಾರೇಜ್ ಕಡೆ ಹೋಗಿಲ್ಲ.